ಸೀಟಿಯ ಸದ್ದಿಗೆ ನಾಯಿಮರಿ ಓಡಿ ಬರುವಂತೆ ಕಲಿಸುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಲ್ಲಿ ಸಾಕುನಾಯಿ ಕತ್ತಲಾಗುವ ಮುನ್ನ ಅಂಗಳಕ್ಕೆ ಮರಳದಿದ್ದರೆ ಮನೆಯವರಿಗೆ ಚಿರತೆಯದೇ ಚಿಂತೆ. ಕರೆದ ಕೂಡಲೇ ಬರುವಂತೆ ಅದನ್ನು ಪಳಗಿಸಲು ಬೈಗುಳವಾಗಲಿ ಬೆತ್ತವಾಗಲಿ ಬೇಕಿಲ್ಲ. ಒಂದು ಸಂಗತಿಯನ್ನು ಇನ್ನೊಂದರೊಡನೆ ನಂಟುಮಾಡಿ ಕಲಿಯುವ, ಮನೋವಿಜ್ಞಾನ ಸಾಹಚರ್ಯ ಕಲಿಕೆ ಎಂದು ಕರೆಯುವ ಕ್ರಮವನ್ನು ಅರಿತು ಬಳಸಿದರೆ ಸಾಕು.

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಷ್ಯಾದ ಇವಾನ್ ಪಾವ್ಲೋವ್, ತಮ್ಮ ಪ್ರಯೋಗಾಲಯದ ನಾಯಿಗಳು ಆಹಾರ ಬಾಯಿಗೆ ಬೀಳುವ ಮೊದಲೇ, ಅದು ಬರುವ ಸುಳಿವು ಸಿಕ್ಕೊಡನೆ ಜೊಲ್ಲು ಸುರಿಸುವುದನ್ನು ಗಮನಿಸಿದರು. ಆಹಾರಕ್ಕೆ ಮುಂಚೆ ಪ್ರತಿಸಲವೂ ಮೆಟ್ರೊನೋಮಿನ (ಒಂದೇ ಲಯದಲ್ಲಿ ಟಕ್ ಟಕ್ ಎನ್ನುವ ಉಪಕರಣದ) ಸದ್ದು ಕೇಳಿಸುತ್ತ ಹೋದಾಗ, ಕ್ರಮೇಣ ಆ ಸದ್ದೊಂದೇ ಜೊಲ್ಲು ಬರಿಸಿತು. ಎರಡು ಸಂಗತಿಗಳು ಒಟ್ಟಿಗೆ ಒದಗಿದರೆ ನಂಟು ತಾನಾಗಿ ಬೆಸೆಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1968ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೆಸ್ಕಾರ್ಲಾ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ತಿದ್ದಿತು: ಸದ್ದು ಇದ್ದಾಗಲೂ ಇಲ್ಲದಾಗಲೂ ವಿದ್ಯುತ್ ಆಘಾತದ ಸಂಭವ ಒಂದೇ ಸಮನಾಗಿದ್ದರೆ, ಅವೆರಡೂ ಹಲವು ಸಲ ಕೂಡಿ ಬಂದರೂ ಇಲಿಗಳು ಸದ್ದಿಗೆ ಹೆದರಲಿಲ್ಲ. ಯಾವುದು ಯಾವುದರ ಮುನ್ಸೂಚನೆ ಎಂಬುದನ್ನೇ ಪ್ರಾಣಿ ಕಲಿಯುತ್ತದೆ. ಮುಂದಿನ ಕ್ರಮವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಸದ್ದನ್ನು ಆರಿಸಿಕೊಳ್ಳಬೇಕು. ನಾಯಿಯ ಹೆಸರನ್ನು ದಿನವಿಡೀ ಸುಮ್ಮಸುಮ್ಮನೆ ಕೂಗುವುದರಿಂದ ಅದು ಯಾವುದರ ಸೂಚನೆಯಾಗಿಯೂ ಉಳಿದಿರುವುದಿಲ್ಲ. ಹೀಗೆ ಕೇಳಿ ಕೇಳಿ ಹಳತಾದ ಪ್ರಚೋದನೆಗೆ ಹೊಸ ನಂಟು ತಡವಾಗಿ ಅಂಟುತ್ತದೆ ಎಂಬುದು 1959ರಲ್ಲಿಯೇ ಆಡು, ಕುರಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿತ್ತು. ಆದ್ದರಿಂದ ಬೇರೆ ಯಾವ ಕೆಲಸಕ್ಕೂ ಬಳಸದ ಸೀಟಿಯೊಂದನ್ನು ಇಟ್ಟುಕೊಳ್ಳುವುದು ಲೇಸು. ತಿನಿಸಿಗೆ ಬೇಯಿಸಿದ ಮೊಟ್ಟೆಯ ಸಣ್ಣ ಚೂರುಗಳು ಸಾಕು.

ಹೆಚ್ಚಿನವರು ಎಡವುವುದು ಅನುಕ್ರಮದಲ್ಲಿ. ಸೀಟಿ ಮೊದಲು, ತಿನಿಸು ಅದರ ಬೆನ್ನಿಗೇ ಒಂದೆರಡು ಸೆಕೆಂಡಿನೊಳಗೆ ಬರಬೇಕು. ಕೈ ಜೇಬಿಗೆ ಹೋದ ಮೇಲೆ ಸೀಟಿ ಊದಿದರೆ, ಕೈ ಆಗಲೇ ತಿಳಿಸಿದ ಸುದ್ದಿಯನ್ನೇ ಸೀಟಿ ಮತ್ತೆ ತಿಳಿಸಿದಂತಾಗಿ, ಮರಿ ಸೀಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೈಯನ್ನು ಅಲುಗಿಸದೆ ಊದಿ, ಮರಿಯ ಮುಖವನ್ನು ನೋಡಿ: ನೆಲ ಮೂಸುತ್ತಿದ್ದದ್ದು ಥಟ್ಟನೆ ಕಿವಿ ನಿಮಿರಿಸಿ, ಮೂತಿ ನೆಕ್ಕಿಕೊಂಡು ನಿಮ್ಮತ್ತ ತಿರುಗಿದರೆ ನಂಟು ಕೂಡಿದೆ ಎಂದರ್ಥ. ಒಂದೇ ಸಮನೆ ಊದಿ ಮುಗಿಸುವುದಕ್ಕಿಂತ ನಡುನಡುವೆ ಬಿಡುವು ಕೊಟ್ಟು ದಿನಕ್ಕೆ ನಾಲ್ಕಾರು ಸಲ ಮಾಡುವುದು ಹೆಚ್ಚು ಫಲಕಾರಿ. ಕಲಿಕೆ ಕಲಿತ ಜಾಗಕ್ಕೂ ಅಂಟಿಕೊಳ್ಳುವುದರಿಂದ, ಜಗಲಿಯಲ್ಲಿ ಪಕ್ಕಾ ಆದ ಪಾಠವನ್ನು ಅಂಗಳದಲ್ಲಿ, ಕೊಟ್ಟಿಗೆಯ ಹಿಂದೆ, ಅಡಿಕೆ ತೋಟದಲ್ಲಿ, ಕೊನೆಗೆ ಸೊಪ್ಪಿನಬೆಟ್ಟದ ಅಂಚಿನಲ್ಲಿ ಹೊಸದಾಗಿಯೇ ನಡೆಸಬೇಕು.

ಸೀಟಿ ಊದಿ ಕರೆದು ಕೂಡಲೇ ಸರಪಳಿಗೆ ಬಿಗಿಯಬಾರದು. ಹಾಗೆ ಮಾಡಿದರೆ ಸೀಟಿ ಸರಪಳಿಯ ಮುನ್ಸೂಚನೆಯಾಗುತ್ತದೆ. ತಿನಿಸನ್ನು ಪೂರ್ತಿ ನಿಲ್ಲಿಸಿದರೆ ಪ್ರತಿಕ್ರಿಯೆ ಮೆಲ್ಲಗೆ ನಂದುತ್ತದೆ. ಆದರೂ ಅಳಿಸಿಹೋಗುವುದಿಲ್ಲ, ಬಿಡುವಿನ ನಂತರ ತಾನಾಗಿ ಮರುಕಳಿಸುವುದನ್ನು ಪಾವ್ಲೋವರೇ ದಾಖಲಿಸಿದ್ದಾರೆ.

ಇದೇ ನಿಯಮ ಭಯವನ್ನೂ ಕಲಿಸುತ್ತದೆ. ತೋಟದಿಂದ ಮಂಗಗಳನ್ನು ಓಡಿಸಲು ಗರ್ನಾಲು ಹೊಡೆಯುವ ಮನೆಗಳಲ್ಲಿ ಬೆಂಕಿಪೊಟ್ಟಣ ಕೈಗೆತ್ತಿಕೊಂಡರೂ ನಾಯಿ ಮಂಚದಡಿ ಸೇರುವುದುಂಟು. ಅಂಥದ್ದನ್ನು ಎಳೆದು ತಂದು ಸದ್ದಿನೆದುರು ನಿಲ್ಲಿಸುವುದು ಕ್ರೌರ್ಯವೇ ಸರಿ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಇಷ್ಟವಾದ ತಿಂಡಿ ಕೊಡುತ್ತ, ಮೊಲವನ್ನು ದೂರದಿಂದ ಮೆಲ್ಲಮೆಲ್ಲನೆ ಹತ್ತಿರ ತಂದು ಭಯ ಬಿಡಿಸಿದ್ದನ್ನು 1924ರಲ್ಲಿ ವರದಿ ಮಾಡಿದರು. ಇಲ್ಲಿಯೂ ಅದೇ ದಾರಿ. ನಾಯಿ ಕಿವಿ ಮಾತ್ರ ಅಲುಗಿಸುವಷ್ಟು ದೂರದಲ್ಲಿ ಸದ್ದಾಗಲಿ, ಸದ್ದಾದ ಕೂಡಲೇ ಮೊಟ್ಟೆಯ ಚೂರು ಸಿಗಲಿ, ದೂರ ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಕಡಿಮೆಯಾಗಲಿ. ಚೂರನ್ನು ಮುಟ್ಟದೆ ಮುಖ ತಿರುಗಿಸಿದರೆ ಸದ್ದು ತೀರ ಹತ್ತಿರವಾಯಿತೆಂದು ತಿಳಿದು ಹಿಂದಿನ ದೂರಕ್ಕೇ ಮರಳಬೇಕು. ಈ ಅಭ್ಯಾಸದ ಹೊತ್ತಿನಲ್ಲಿ ಕರೆಯುವ ಸೀಟಿಯನ್ನು ಮಾತ್ರ ಊದಲೇಬಾರದು, ಏಕೆಂದರೆ ಗರ್ನಾಲಿನ ಭಯ ಅದಕ್ಕೂ ತಗುಲಿಕೊಳ್ಳಬಹುದು.