ಬ್ಲೈನಾವನ್ ಕಬ್ಬಿಣದ ಕಾರ್ಖಾನೆ: ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಓದುವ ಬಗೆ

ವೇಲ್ಸ್‌ನ ಆಗ್ನೇಯ ಭಾಗದ ಬ್ಲೈನಾವನ್‌ನಲ್ಲಿ 1789ರಲ್ಲಿ ಕಬ್ಬಿಣ ತಯಾರಿಕೆ ಶುರುವಾಯಿತು. 2000ರಲ್ಲಿ ಈ ಸೀಮೆಯೇ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿತು. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೆಳಗಿನ ಅಂಗಳದಲ್ಲಿ ನಿಂತು ಎತ್ತರದ ಗೋಡೆಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ಆಗ ಗೋಡೆ ಕಾಣುತ್ತದೆ, ಕಟ್ಟಡ ಅರ್ಥವಾಗುವುದಿಲ್ಲ. ಅದಿರು ಇಳಿದ ದಾರಿಯಲ್ಲೇ ನೀವೂ ಇಳಿಯಬೇಕು.

ಮೊದಲು ಗುಡ್ಡ ನೋಡಿ. ಇಳಿಜಾರನ್ನು ಕಡಿದು, ಕುಲುಮೆಗಳ ಬೆನ್ನನ್ನು ಅದಕ್ಕೆ ಆನಿಸಿ ಕಟ್ಟಿದ್ದಾರೆ. ಅದಿರು, ಕೋಕ್ (ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು), ಸುಣ್ಣದಕಲ್ಲುಗಳನ್ನು ಮೇಲಿನ ಮಟ್ಟದಿಂದ ನೇರವಾಗಿ ಕುಲುಮೆಯ ಬಾಯಿಗೆ ಸುರಿಯಬಹುದಿತ್ತು. ಎತ್ತುವ ಕೆಲಸವನ್ನು ಗುಡ್ಡವೇ ಉಳಿಸಿತು. ಗಾಳಿ ಊದಲು ಉಗಿಯಂತ್ರವಿದ್ದುದರಿಂದ ನೀರಿನ ಚಕ್ರಕ್ಕಾಗಿ ದೊಡ್ಡ ಹೊಳೆಯ ದಡ ಹುಡುಕಬೇಕಾಗಿರಲಿಲ್ಲ. ಮೇಲಕ್ಕೆ ಹೋಗಲಾಗದಿದ್ದರೆ ಕೆಳಗಿನಿಂದಲೇ ಎರಡೂ ಮಟ್ಟಗಳನ್ನು ಗುರುತಿಸಿಕೊಳ್ಳಿ.

ಈಗ ಕುಲುಮೆ. ಇದಕ್ಕೆ ಹೆಚ್ಚು ಹೊತ್ತು ಕೊಡಿ. ಹೊರಗೆ ಚೌಕಾಕಾರದ ದಪ್ಪ ಕಲ್ಲುಕಟ್ಟು, ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಗೂಡು. ಹೊರಗಿನ ಕಲ್ಲು ಕಿತ್ತುಹೋದ ಕಡೆ ಪದರಗಳು ಈರುಳ್ಳಿ ಹೆಚ್ಚಿದಂತೆ ಕಾಣುತ್ತವೆ. ಹಾಳಾದ ಜಾಗವೇ ಇಲ್ಲಿ ಒಳ್ಳೆಯ ಪಾಠ. ಗೂಡಿನ ಆಕಾರ ಗಮನಿಸಿ: ಬಾಯಿ ಕಿರಿದು, ಕೆಳಗೆ ಹೊಟ್ಟೆ ಉಬ್ಬಿ, ತಳದಲ್ಲಿ ಮತ್ತೆ ಕಿರಿದು. ಕಾಯ್ದ ಸರಕು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಕರಗಿದ ಮೇಲೆ ಕುಗ್ಗುತ್ತದೆ, ಆಗ ಕಿರಿದಾದ ತಳ ಮೇಲಿನ ಭಾರ ಹೊರುತ್ತದೆ. ಈ ಓರೆ ಹದ ತಪ್ಪಿದರೆ ಸರಕು ನಡುವೆ ಕಚ್ಚಿಕೊಂಡು ನಿಂತು, ಆಮೇಲೆ ಒಮ್ಮೆಲೇ ಕುಸಿಯುತ್ತದೆ.

ಬುಡದ ಕಮಾನುಗಳನ್ನು ಎಣಿಸಿ. ಮುಂದಿನದು ಕರಗಿದ ಕಬ್ಬಿಣ ಹರಿಸಲು, ಪಕ್ಕದವು ಗಾಳಿಯ ಕೊಳವೆ ತೂರಿಸಲು. ಕಮಾನಿನ ಅಗಲವನ್ನು ಹೊರ ಅಂಚಿನಲ್ಲೊಮ್ಮೆ, ಒಳಗೆ ಗೂಡಿನ ಬಳಿಯೊಮ್ಮೆ ಅಳೆಯಿರಿ. ಒಂದೇ ಅಳತೆ ಬರೆದುಕೊಂಡರೆ ನಕ್ಷೆ ತಪ್ಪುತ್ತದೆ, ಏಕೆಂದರೆ ಇಂಥ ಕಮಾನುಗಳು ಒಳಕ್ಕೆ ಹೋದಂತೆ ಕಿರಿದಾಗುವುದುಂಟು. ಉದ್ದುದ್ದ ಬಿರುಕು ಕಂಡರೆ ತಳಪಾಯ ಕುಸಿದಿದೆ ಎಂದು ಆತುರಪಡಬೇಡಿ; ಶಾಖಕ್ಕೆ ಕಲ್ಲುಕಟ್ಟು ಹಿಗ್ಗಿದರೂ ಹಾಗೇ ಸೀಳುತ್ತದೆ. ಅದನ್ನು ತಡೆಯಲೆಂದೇ ಇಂಥ ಕುಲುಮೆಗಳಿಗೆ ಕಬ್ಬಿಣದ ಪಟ್ಟಿ, ಸರಳುಗಳನ್ನು ಬಿಗಿಯುತ್ತಿದ್ದರು. ಅವುಗಳ ತೂತುಗಳನ್ನು ಹುಡುಕಿ.

ಎರಡನೇ ಕುಲುಮೆಯ ಮುಂದೆ ಎರಕದ ಮನೆ ಉಳಿದಿದೆ. ನೆಲದ ಮರಳಿನಲ್ಲಿ ಒಂದು ದೊಡ್ಡ ಕಾಲುವೆ, ಅದಕ್ಕೆ ಸಾಲಾಗಿ ಚಿಕ್ಕ ಅಚ್ಚುಗಳು. ತಾಯಿ ಹಂದಿಗೆ ಮರಿಗಳು ಮೊಲೆಗೆ ಕಚ್ಚಿಕೊಂಡಂತೆ ಕಾಣುವುದರಿಂದಲೇ ಇಲ್ಲಿ ಎರೆದ ಕಬ್ಬಿಣಕ್ಕೆ ಪಿಗ್ ಐರನ್ (ಹಂದಿ ಕಬ್ಬಿಣ) ಎಂಬ ಹೆಸರು. ಮರಳು ಒದ್ದೆಯಿದ್ದರೆ ಉಗಿ ಸಿಡಿದು ಲೋಹ ಚಿಮ್ಮುತ್ತದೆ. ಮಳೆ ಬಿಡದ ಈ ಊರಿನಲ್ಲಿ ಸೂರು ಎಷ್ಟು ಮುಖ್ಯವಾಗಿತ್ತೆಂದು ಇದರಿಂದಲೇ ತಿಳಿಯುತ್ತದೆ.

ಅಂಗಳದ ಕೊನೆಯ ಎತ್ತರದ ಕಲ್ಲಿನ ಗೋಪುರವನ್ನು ಕುಲುಮೆ ಎಂದು ಬಗೆಯುವವರು ಬಹಳ. ಅದು 1839ರ ನೀರಿನ ತೂಕದ ಲಿಫ್ಟ್. ರಾಟೆಯ ಮೇಲೆ ಹಾದ ಸರಪಳಿಯ ಎರಡು ತುದಿಗೂ ಒಂದೊಂದು ತೊಟ್ಟಿಲು, ಅದರಡಿ ತೊಟ್ಟಿ. ಮೇಲಿನ ತೊಟ್ಟಿಗೆ ನೀರು ತುಂಬಿದರೆ ಅದು ಭಾರಕ್ಕೆ ಇಳಿದು, ಕಬ್ಬಿಣ ಹೇರಿದ ಬಂಡಿಯಿದ್ದ ಇನ್ನೊಂದು ತೊಟ್ಟಿಲನ್ನು ಮೇಲೆತ್ತುತ್ತಿತ್ತು. ಕೆಳಗೆ ನೀರು ಬಿಟ್ಟರೆ ಮತ್ತೆ ಮೊದಲಿನಿಂದ. ತುದಿಯ ಎರಕದ ಕಂಬಗಳನ್ನು ಬೈನಾಕ್ಯುಲರ್ ಇಟ್ಟು ನೋಡಿ: ರಾಟೆ ಹೊರುವುದಷ್ಟೇ ಅವುಗಳ ಕೆಲಸ, ಆದರೂ ಗುಡಿಯ ಕಂಬಗಳಂತೆ ರೂಪಿಸಿದ್ದಾರೆ.

ಪಕ್ಕದ ಸ್ಟ್ಯಾಕ್ ಸ್ಕ್ವೇರ್ ಕೆಲಸಗಾರರ ಮನೆಗಳ ಸಾಲು. ನಡುವೆ ಇರುವ ಹೊಗೆಗೂಡಿನ ಬುಡ ಆಮೇಲೆ ಬಂದದ್ದು, ಅದನ್ನು ಮೊದಲ ಕಾಲದ ನಕ್ಷೆಗೆ ಸೇರಿಸಬೇಡಿ.

ಕೊನೆಗೆ ಚಿತ್ರ ಬರೆಯುವಾಗ ಎದುರುನೋಟ ಬೇಡ, ಅಡ್ಡಸೀಳು ಬರೆಯಿರಿ. ಎಡಗಡೆ ಗುಡ್ಡದ ಮೇಲ್ಮಟ್ಟ, ನಡುವೆ ಗೂಡು, ಬಲಕ್ಕೆ ಎರಕದ ಮನೆ. ಗುಡ್ಡದ ಗೆರೆಯನ್ನೇ ಮೊದಲು ಎಳೆಯಿರಿ. ಉಳಿದದ್ದೆಲ್ಲ ಅದಕ್ಕೆ ಆನಿಕೊಂಡೇ ನಿಲ್ಲುತ್ತದೆ.