ಮುಧೋಳ ನಾಯಿ ತರೋ ಪ್ಲಾನ್ ಇದ್ಯಾ? ಮೊದ್ಲು ಕಾಂಪೌಂಡ್ ನೋಡ್ಕೊಳ್ಳಿ

2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದ್ದೇ ಹೇಳಿದ್ದು, ಮುಧೋಳ ನಾಯಿ ಬೇಕು ಅನ್ನೋರು ಜಾಸ್ತಿ ಆದ್ರು. ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಇದು ಮೂಗಿಂದ ಅಲ್ಲ, ಕಣ್ಣಿಂದ ಬೇಟೆ ಆಡೋ ತಳಿ, ದೂರದಲ್ಲಿ ಏನಾದ್ರೂ ಓಡಿದ್ದು ಕಂಡ್ರೆ ಮುಗೀತು, ನೀವು ಕರೆದಿದ್ದು ಕಿವಿಗೇ ಬೀಳಲ್ಲ.

ಅದಕ್ಕೇ ಮರಿ ಬರೋಕ್ ಮುಂಚೆ ಕಾಂಪೌಂಡ್ ರೆಡಿ ಆಗಿರ್ಬೇಕು. ಆರಡಿ ಗೋಡೆ ಇದ್ರೆ ಒಳ್ಳೇದು, ಗೇಟಿನ ಕೆಳಗೆ ಸಂದಿ ಇದ್ರೆ ಮುಚ್ಚಿಸಿ, ಮುಳ್ಳುತಂತಿ ಮಾತ್ರ ಬೇಡವೇ ಬೇಡ, ಇದರ ಚರ್ಮ ಎಷ್ಟು ತೆಳು ಅಂದ್ರೆ ತಂತಿ ಸವರಿದ್ರೂ ಹರಿದು ಹೊಲಿಗೆ ಹಾಕಿಸ್ಬೇಕಾಗತ್ತೆ.

ಮರಿ ಎಲ್ಲಿಂದ ತರೋದು? ಮುಧೋಳ ಹತ್ರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿವಿಯ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದ್ಲು ಅಲ್ಲಿ ವಿಚಾರಿಸಿ. ಸುತ್ತಲ ಹಳ್ಳಿಗಳಲ್ಲೂ ಸಾಕಿ ಮಾರೋರು ಇದಾರೆ, ತಾಯಿ ನಾಯಿನ ಕಣ್ಣಾರೆ ನೋಡದೆ ಬರೀ ವಾಟ್ಸಾಪ್ ಫೋಟೋ ನಂಬಿ ಅಡ್ವಾನ್ಸ್ ಕೊಡ್ಬೇಡಿ. ಮರಿಗೆ ಎಂಟು ವಾರ ಆದ್ರೂ ಆಗಿರ್ಲಿ.

ಬೆಲ್ಟ್ ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಬೆಲ್ಟ್ ಹಾಕಿ ರಸ್ತೆಗೆ ಕರ್ಕೊಂಡ್ ಹೋಗ್ತೀರ, ಬೈಕ್ ಶಬ್ದಕ್ಕೆ ಬೆಚ್ಚಿ ತಲೆ ತಗ್ಗಿಸಿ ನಾಕು ಹೆಜ್ಜೆ ಹಿಂದಕ್ಕೆ ಸರಿಯತ್ತೆ ಅಷ್ಟೇ, ಬೆಲ್ಟ್ ನಿಮ್ಮ ಕೈಯಲ್ಲಿ, ನಾಯಿ ಆ ಬೀದಿಯಲ್ಲಿ. ತಲೆ ಅಷ್ಟು ಸಪೂರ, ಕುತ್ತಿಗೆಗಿಂತ ದೊಡ್ಡದೇನಲ್ಲ. ಎಳೆದಾಗ ಬಿಗಿಯಾಗೋ ಮಾರ್ಟಿಂಗೇಲ್ ಅನ್ನೋ ಅಗಲ ಬೆಲ್ಟ್ ಸಿಗತ್ತೆ, ಅದನ್ನೇ ತಗೊಳ್ಳಿ. ಓಡ್ಸೋದು ಸುತ್ತ ಬೇಲಿ ಇರೋ ಮೈದಾನದಲ್ಲಿ ಮಾತ್ರ, ಬೆಳಿಗ್ಗೆ ಬಿಸಿಲೇರೋ ಮುಂಚೆ. ಹತ್ತಿಪ್ಪತ್ತು ನಿಮಿಷ ಜೋರಾಗಿ ಓಡಿದ್ರೆ ಸಾಕು, ಆಮೇಲೆ ದಿನವಿಡೀ ಸೋಫಾ ಬಿಟ್ಟು ಏಳಲ್ಲ. ಮೊಲ ಹಿಡಿಸೋಕೆ ಹೊಲಕ್ಕೆ ಬಿಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಊರಲ್ಲಿ ಎಲ್ರೂ ಮಾಡ್ತಾರೆ ಅಂತ ನೀವೂ ಹೋಗ್ಬೇಡಿ.

ಊಟ ದಿನಕ್ಕೆ ಎರಡು ಸಲ. ಮುಧೋಳ ಕಡೆ ಜೋಳ, ಬೇಳೆ, ಹಾಲು, ಮೊಟ್ಟೆ ತಿಂದೇ ಬೆಳೆದ ತಳಿ ಇದು, ದುಬಾರಿ ಪ್ಯಾಕೆಟ್ಟೇ ಆಗ್ಬೇಕು ಅಂತೇನಿಲ್ಲ. ಆದ್ರೆ ಓಡೋ ಮುಂಚೆ, ಓಡಿ ಬಂದ ತಕ್ಷಣ ಹಾಕ್ಬೇಡಿ, ಎದೆಗೂಡು ಆಳ ಇರೋ ನಾಯಿಗಳಿಗೆ ಹೊಟ್ಟೆ ಉಬ್ಬರಿಸಿ ತಿರುಚ್ಕೊಳ್ಳೋ ಅಪಾಯ ಇರತ್ತೆ, ಗಂಟೆಗಳಲ್ಲೇ ಪ್ರಾಣ ಹೋಗ್ಬಹುದು. ಪಕ್ಕದ ಮನೆಯೋರು "ಏನ್ರೀ, ನಾಯಿಗೆ ಊಟ ಹಾಕಲ್ವಾ?" ಅಂತ ಕೇಳೇ ಕೇಳ್ತಾರೆ. ಕೊನೇ ಎರಡ್ಮೂರು ಪಕ್ಕೆಲುಬು ಕಂಡ್ರೆ ಸರಿಯಾಗೇ ಇದೆ ಅಂತ ಅರ್ಥ, ಅವರ ಮಾತು ಕೇಳಿ ದಪ್ಪ ಮಾಡ್ಬೇಡಿ.

ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ಗಿಡ್ಡ, ಹಾಗಾಗಿ ಬೆಂಗಳೂರಿನ ಡಿಸೆಂಬರ್ ಚಳಿಗೆ ಸ್ವೆಟರ್ ಬೇಕೇ ಬೇಕು. ಬರೀ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಗಡ್ಡೆಗಟ್ಟತ್ತೆ, ಹಳೇ ಹಾಸಿಗೆ ಮಡಚಿ ಹಾಕಿ.

ಹೊಡೆದು ಬಡಿದು ಕಲಿಸ್ತೀನಿ ಅನ್ನೋರಿಗೆ ಈ ನಾಯಿ ಅಲ್ಲ, ಒಂದ್ಸಲ ಹೆದರಿದ್ರೆ ವಾರಗಟ್ಲೆ ಹತ್ರ ಬರಲ್ಲ. ಅಪರಿಚಿತರು ತಲೆ ಸವರೋಕ್ ಬಂದ್ರೆ ಹಿಂದೆ ಸರಿಯತ್ತೆ, ಬಲವಂತ ಬೇಡ.

ಇನ್ನೊಂದು, ಆಪರೇಷನ್ನೋ ಸಂತಾನಹರಣವೋ ಮಾಡಿಸೋದಿದ್ರೆ ಇದು ಸೈಟ್‌ಹೌಂಡ್ (ಕಣ್ಣಿಂದ ಬೇಟೆ ಆಡೋ ತಳಿ) ಅಂತ ಡಾಕ್ಟರ್‌ಗೆ ಮೊದಲೇ ಹೇಳಿ. ಥಯೋಪೆಂಟೋನ್ ಥರದ ಅರಿವಳಿಕೆ ಇಂಥ ನಾಯಿಗಳ ಮೈಯಿಂದ ಇಳಿಯೋದು ನಿಧಾನ, ಬೇರೆ ಔಷಧಿ ಇವೆ, ಯಾವುದು ಕೊಡ್ತೀರಾ ಅಂತ ಕೇಳೋಕೆ ಸಂಕೋಚ ಪಡ್ಬೇಡಿ.