ಟ್ರಾವೆಲಿಂಗ್ ನಿಯಮ ತಿದ್ದುವವರಿಗೆ: ಹೆಜ್ಜೆ ಆಮೇಲೆ, ಮೊದಲು ಕೈ ನೋಡಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳು ನಮ್ಮಲ್ಲಿ ಬರುವುದು ಬೆಳಗಿನ ಕಾಫಿ ಹೊತ್ತಿಗೆ. ಒಬ್ಬ ಆಟಗಾರ ಚೆಂಡು ಹಿಡಿದು ಹಿಂದಕ್ಕೆ ಜಿಗಿದು ಮೂರು ಪಾಯಿಂಟ್ ಹೊಡೆದರೆ ಸಾಕು, ಮನೆಮನೆಯಲ್ಲೂ "ಟ್ರಾವೆಲ್!" ಅಂತ ಕೂಗು. ಚೆಂಡು ಪುಟಿಸದೆ ಕೈಯಲ್ಲಿ ಹಿಡಿದು ಮಿತಿಮೀರಿ ಹೆಜ್ಜೆ ಇಡುವ ತಪ್ಪಿಗೆ ಆ ಹೆಸರು. ನಾನು ವಾರಾಂತ್ಯಗಳಲ್ಲಿ ಬೆಂಗಳೂರಿನ ಕಾಲೇಜು ಟೂರ್ನಿಗಳಲ್ಲಿ ಸೀಟಿ ಊದುವವನು. ಹಾಗಾಗಿ ಈ ದೂರೆಲ್ಲ ನನ್ನ ಫೋನಿಗೂ ಬರುತ್ತದೆ: "ಸಾರ್, ಈ ನಿಯಮ ಬದಲಾಯಿಸಬೇಕು." ಸರಿ, ಏನಂತ ಬದಲಾಯಿಸೋಣ, ನಾಲ್ಕು ಸಾಲು ಬರೆದು ಕಳಿಸಿ ಅಂದರೆ ಆ ಕಡೆ ಸದ್ದಿಲ್ಲ. ಆ ನಾಲ್ಕು ಸಾಲು ಬರೆಯುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಪೆನ್ನು ಹಿಡಿಯುವ ಮೊದಲು ಈಗಿನ ನಿಯಮ ಓದಿಕೊಳ್ಳಿ. ಓಡುತ್ತ ಚೆಂಡು ಹಿಡಿದವನು, ಅಥವಾ ಡ್ರಿಬಲ್ (ಚೆಂಡು ಪುಟಿಸುತ್ತ ಸಾಗುವುದು) ಮುಗಿಸಿದವನು, ನಿಲ್ಲಲು, ಪಾಸ್ ಕೊಡಲು ಇಲ್ಲವೇ ಶೂಟ್ ಮಾಡಲು ಎರಡು ಹೆಜ್ಜೆ ಇಡಬಹುದು. ಗಲಾಟೆ ಆ ಎರಡರ ಬಗ್ಗೆ ಅಲ್ಲ, ಎಣಿಕೆ ಎಲ್ಲಿಂದ ಶುರು ಅನ್ನುವುದರ ಬಗ್ಗೆ. ಶುರುವಾಗುವುದು 'ಗ್ಯಾದರ್' ಆದ ಮೇಲೆ, ಅಂದರೆ ಚೆಂಡು ಆಟಗಾರನ ಹಿಡಿತಕ್ಕೆ ಬಂದ ಮೇಲೆ. ಆ ಕ್ಷಣದಲ್ಲಿ ನೆಲದ ಮೇಲಿದ್ದ ಕಾಲು ಲೆಕ್ಕಕ್ಕಿಲ್ಲ. ಮನೆಯಲ್ಲಿ ಕೂತವರಿಗೆ ಮೂರು ಹೆಜ್ಜೆ ಕಾಣುವುದು, ರೆಫರಿಗೆ ಎರಡೇ ಕಾಣುವುದು ಇದರಿಂದಲೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈ ನಿಯಮ ಕಲ್ಲಿನ ಮೇಲೆ ಕೊರೆದದ್ದೂ ಅಲ್ಲ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲಿ ಡ್ರಿಬಲ್ ಅನ್ನುವುದೇ ಇರಲಿಲ್ಲ. ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕು, ಓಡುವಂತಿಲ್ಲ. ಆದರೆ ವೇಗವಾಗಿ ಓಡುತ್ತ ಹಿಡಿದವನಿಗೆ ಸ್ವಲ್ಪ ರಿಯಾಯಿತಿ ಇರಲಿ ಎಂದು ಅದೇ ಮೂರನೇ ನಿಯಮದಲ್ಲಿ ಅವರೇ ಬರೆದಿಟ್ಟರು. ಆ 'ಸ್ವಲ್ಪ' ಎಷ್ಟು ಅನ್ನುವ ಜಗಳ ಇವತ್ತಿಗೂ ನಡೆದಿದೆ. ಎನ್‌ಬಿಎ ಪುಸ್ತಕದಲ್ಲಿ ಬಹುಕಾಲ 'ಎರಡು ಎಣಿಕೆಯ ಲಯ' ಎಂಬ ಮಾತಿತ್ತು. 2009ರಲ್ಲಿ ಅದನ್ನು ತೆಗೆದು ನೇರವಾಗಿ 'ಎರಡು ಹೆಜ್ಜೆ' ಎಂದು ಬರೆದರು. ರೆಫರಿಗಳು ಮೊದಲೇ ಹಾಗೆ ಬಿಡುತ್ತಿದ್ದರು, ಪುಸ್ತಕ ತಡವಾಗಿ ಹಿಂದೆ ಬಂತು. 2017ರಲ್ಲಿ ಜಾಗತಿಕ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಫಿಬಾ ಕೂಡ 'ಝೀರೋ ಸ್ಟೆಪ್', ಅಂದರೆ ಚೆಂಡು ಹಿಡಿತಕ್ಕೆ ಬಂದಾಗ ನೆಲದಲ್ಲಿರುವ ಕಾಲನ್ನು ಎಣಿಸದಿರುವುದನ್ನು, ಒಪ್ಪಿಕೊಂಡಿತು. 2019-20ರ ಸೀಸನ್ನಿಗೆ ಎನ್‌ಬಿಎ ಗ್ಯಾದರ್ ಅನ್ನು ಬಿಡಿಸಿ ಬರೆಯಿತು: ಎರಡೂ ಕೈ ಚೆಂಡಿನ ಮೇಲೆ ಬಂದರೆ, ಒಂದು ಕೈ ಚೆಂಡಿನ ಕೆಳಗೆ ಹೋಗಿ ಅದು ತಡೆದು ನಿಂತರೆ, ಅಥವಾ ಹಿಡಿಯಲು, ಪಾಸ್ ಮಾಡಲು, ಶೂಟ್ ಮಾಡಲು 'ಸಾಕಷ್ಟು ಹಿಡಿತ' ಸಿಕ್ಕರೆ.

'ಸಾಕಷ್ಟು ಹಿಡಿತ' ಅನ್ನುವ ಆ ಕೊನೆಯ ಮಾತನ್ನು ಕೆಂಪು ಪೆನ್ನಲ್ಲಿ ಸುತ್ತಿ ಇಟ್ಟುಕೊಳ್ಳಿ. ನಿಮ್ಮ ತಿದ್ದುಪಡಿ ಕೂರಬೇಕಾದ ಜಾಗ ಅದೇ. ಸಾಕಷ್ಟು ಎಂದರೆ ಎಷ್ಟು? ಪೂರ್ತಿ ಓಟದಲ್ಲಿರುವ ಆಟಗಾರನ ಅಂಗೈಯಲ್ಲಿ ಅದನ್ನು ಅಳೆಯಲು ನನ್ನಿಂದಾಗದು, ಲೀಗಿನವರಿಂದಲೂ ಪ್ರತಿ ಸಲ ಆಗಿಲ್ಲ. 2018ರ ಡಿಸೆಂಬರ್‌ನಲ್ಲಿ ಯೂಟಾ ಜಾಝ್ ವಿರುದ್ಧ ಹ್ಯೂಸ್ಟನ್ ರಾಕೆಟ್ಸ್‌ನ ಜೇಮ್ಸ್ ಹಾರ್ಡನ್ ಹಿಂದಕ್ಕೆ ಎರಡೆರಡು ಸಲ ಜಿಗಿದು ಹೊಡೆದ ಶಾಟ್‌ಗೆ ಸೀಟಿ ಬೀಳಲಿಲ್ಲ. ಅದು ಟ್ರಾವೆಲ್ ಎಂದು ಲೀಗಿನ ರೆಫರಿಗಳ ಕಡೆಯಿಂದಲೇ ಆಮೇಲೆ ಒಪ್ಪಿಗೆ ಬಂತು.

"ಹಳೆ ನಿಯಮ ವಾಪಸ್ ತನ್ನಿ" ಎಂದು ಬರೆದರೆ ಯಾರೂ ಓದುವುದಿಲ್ಲ. ಮಾರ್ಚುಲಿಯೋನಿಸ್, ಜಿನೋಬಿಲಿಯಂಥ ಆಟಗಾರರು ತಂದ ಯೂರೋ ಸ್ಟೆಪ್ (ಒಂದು ಕಡೆ ಹೆಜ್ಜೆ ಇಟ್ಟು ಥಟ್ಟನೆ ಇನ್ನೊಂದು ಕಡೆಗೆ ಇಡುವುದು) ಅನ್ನು ಈಗ ಎಂಟನೇ ಕ್ಲಾಸಿನ ಹುಡುಗಿಯರೂ ಆಡುತ್ತಾರೆ. ಅದನ್ನು ಕಿತ್ತುಕೊಳ್ಳುವ ನಿಯಮ ನನಗಂತೂ ಬೇಡ. ನನ್ನ ಸಲಹೆ ಬೇರೆ: ಹೆಜ್ಜೆ ಒಂದು ಜಾಸ್ತಿ ಕೊಡಿ, ಆದರೆ ಎಣಿಕೆಯನ್ನು ಕಣ್ಣಿಗೆ ಕಾಣುವ ಕ್ಷಣದಿಂದ ಶುರು ಮಾಡಿ. ಕರಡು ಹೀಗೆ:

"ಕೊನೆಯ ಪುಟಿತದ ನಂತರ ಚೆಂಡು ಕೈಗೆ ತಾಗಿದ ಮೇಲೆ, ಅಥವಾ ಪಾಸ್ ಕೈಗೆ ತಾಗಿದ ಮೇಲೆ, ಆಟಗಾರನ ಪಾದಗಳು ನೆಲವನ್ನು ಮೂರು ಸಲಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ತಾಗಿದ ಕ್ಷಣದಲ್ಲಿ ನೆಲದಲ್ಲಿರುವ ಪಾದವೂ ಒಂದು ಎಂದೇ ಲೆಕ್ಕ. ಎರಡೂ ಪಾದ ಒಟ್ಟಿಗೆ ಮುಟ್ಟಿದರೆ ಅದು ಒಂದೇ. ಒಂದೇ ಪಾದ ಸತತ ಎರಡು ಸಲ ಮುಟ್ಟುವಂತಿಲ್ಲ. ನಿಂತ ಮೇಲೆ ಪಿವಟ್ (ಒಂದು ಕಾಲು ಊರಿ ತಿರುಗುವ) ನಿಯಮ ಈಗಿರುವಂತೆಯೇ."

ಇದರಲ್ಲಿ 'ಹಿಡಿತ' ಅನ್ನುವ ಮಾತೇ ಬರುವುದಿಲ್ಲ ನೋಡಿ. ಕೈ ತಾಗಿತೇ ಇಲ್ಲವೇ, ಅಷ್ಟೇ. ರೆಫರಿಗೆ ಇನ್ನೊಂದು ಅನುಕೂಲ ಉಂಟು, ಅದು ಅಂಗಳದಲ್ಲಿ ನಿಂತವರಿಗೇ ಗೊತ್ತು: ಪುಟಿತ ಕಿವಿಗೆ ಕೇಳುತ್ತದೆ. ಕಣ್ಣನ್ನು ಪಾದದ ಮೇಲಿಟ್ಟು ಕಿವಿಯನ್ನು ಚೆಂಡಿಗೆ ಕೊಡಬಹುದು. ಗ್ಯಾದರ್‌ಗೆ ಸದ್ದಿಲ್ಲ. ತುಂಬಿದ ಸ್ಟೇಡಿಯಂನಲ್ಲಿ ಈ ಅನುಕೂಲ ಅರ್ಧ ಕಳೆದುಹೋಗುತ್ತದೆ ಅನ್ನಿ, ಆದರೂ ವಿಡಿಯೊ ನಿಲ್ಲಿಸಿ ನೋಡಿದರೆ ಕೈ ತಾಗಿದ ಫ್ರೇಮ್ ಇದು ಎಂದು ಬೆರಳಿಟ್ಟು ತೋರಿಸಬಹುದು.

ಕರಡು ಆಯಿತೇ? ಈಗ ಅದನ್ನು ಮುರಿಯಲು ಕೂರಿ. ಚೆಂಡು ಪುಟಿಸಿ ಆಟ ನಡೆಸುವ ಗಾರ್ಡ್‌ಗಳಲ್ಲಿ ಚುರುಕಾದ ಇಬ್ಬರನ್ನು ಕರೆದು, "ಇದರಲ್ಲಿ ಮೋಸ ಮಾಡಿ ತೋರಿಸಿ" ಅನ್ನಿ. ಫೋನನ್ನು ಪಕ್ಕದ ಗೆರೆಯಲ್ಲಿ, ಮೊಣಕಾಲಿನ ಎತ್ತರಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಮೇಲಿಂದ ತೆಗೆದ ವಿಡಿಯೊದಲ್ಲಿ ಪಾದ ನೆಲ ಬಿಟ್ಟದ್ದು ಗೊತ್ತಾಗುವುದಿಲ್ಲ. ಸಾದಾ ಲೇಅಪ್, ಯೂರೋ ಸ್ಟೆಪ್, ಸ್ಪಿನ್, ಸ್ಟೆಪ್ ಬ್ಯಾಕ್, ಎರಡು ಕಾಲಲ್ಲಿ ಇಳಿಯುವ ಜಂಪ್ ಸ್ಟಾಪ್, ಎಲ್ಲವನ್ನೂ ಆಡಿಸಿ. ಈಗ ಸರಿ ಎನಿಸುವ ಆಟ ನಿಮ್ಮ ನಿಯಮದಲ್ಲಿ ತಪ್ಪಾದರೆ ಬರೆದಿಟ್ಟುಕೊಳ್ಳಿ, ತಪ್ಪು ಎನಿಸುವುದು ಪಾರಾದರೆ ಅದನ್ನೂ.

ತೂತು ಸಿಕ್ಕೇ ಸಿಗುತ್ತದೆ. ನನ್ನ ಕರಡಿನಲ್ಲಿ ದೊಡ್ಡ ತೂತು ಕೈಜಾರಿದ ಚೆಂಡು. ಬೆರಳ ತುದಿಗೆ ತಾಗಿ ಹಾರಿದ ಪಾಸನ್ನು ನಾಲ್ಕು ಹೆಜ್ಜೆ ಓಡಿ ಹಿಡಿದರೆ ಅದು ಟ್ರಾವೆಲ್ ಆಗಬಾರದು. ಹಾಗಾಗಿ "ಚೆಂಡು ಕೈಯಿಂದ ಜಾರಿ ದೂರ ಸರಿದರೆ ಎಣಿಕೆ ರದ್ದು, ಮತ್ತೆ ತಾಗಿದಾಗ ಹೊಸದಾಗಿ ಶುರು" ಎಂದು ಸೇರಿಸಬೇಕಾಗುತ್ತದೆ. ಬೇಕೆಂದೇ ಜಾರಿಸಿಕೊಳ್ಳುವ ಪುಣ್ಯಾತ್ಮರು ಇರುತ್ತಾರೆ, ಅವರಿಗೆ ರೆಫರಿಯ ವಿವೇಚನೆಯೇ ಗತಿ. ಎತ್ತರಕ್ಕೆ ಪುಟಿಸುತ್ತ ಓಡುವವನಿಗೆ ತೊಂದರೆಯಿಲ್ಲ. ಚೆಂಡು ಮತ್ತೆ ನೆಲಕ್ಕೆ ಹೋದರೆ ಹಿಂದಿನ ಎಣಿಕೆ ತಾನಾಗಿ ಅಳಿಯುತ್ತದೆ.

ಪ್ರಯೋಗ ಅಭ್ಯಾಸ ಪಂದ್ಯಕ್ಕೆ ಸಾಕು. ಫೆಡರೇಶನ್ ಮಾನ್ಯತೆಯ ಟೂರ್ನಿಗಳಲ್ಲಿ ಫಿಬಾ ನಿಯಮವೇ ನಡೆಯಬೇಕು, ಅಲ್ಲಿ ಕೈ ಹಾಕಬೇಡಿ.

ಎನ್‌ಬಿಎಯಲ್ಲಿ ನಿಯಮ ಬದಲಾಗುವ ದಾರಿ ಹೀಗಿದೆ: ಕಾಂಪಿಟಿಷನ್ ಕಮಿಟಿ ಶಿಫಾರಸು ಮಾಡಬೇಕು, ಆಮೇಲೆ ತಂಡಗಳ ಒಡೆಯರ ಬೋರ್ಡ್ ಆಫ್ ಗವರ್ನರ್ಸ್ ಮತ ಹಾಕಬೇಕು. ಅಭಿಮಾನಿ ಅರ್ಜಿ ಹಾಕಲು ಅಲ್ಲಿ ಕಿಟಕಿಯಿಲ್ಲ. ಆದರೂ ಕಮಿಟಿಯಲ್ಲಿ ಕೋಚ್‌ಗಳು, ಆಟಗಾರರು, ರೆಫರಿಗಳು ಕೂರುತ್ತಾರೆ. ಅಂಥವರ ಕಿವಿಗೆ ಬೀಳುವಂತೆ ಬರೆಯುವುದಾದರೆ ಒಂದು ಮಾತು ಬಿಡಬೇಡಿ: "ಮೊದಲು ಜಿ ಲೀಗ್‌ನಲ್ಲಿ ಆಡಿಸಿ ನೋಡಿ." ಅದು ಎನ್‌ಬಿಎಯ ಕೆಳಹಂತದ ಲೀಗ್, ಅಲ್ಲಿ ಹಣ್ಣಾದದ್ದು ಎಷ್ಟೋ ಸಲ ಮೇಲೆ ಬರುತ್ತದೆ. ಆಕ್ರಮಣದ ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹೊಡೆದ ತಂಡಕ್ಕೇ ಸಿಗುವುದು) ಆದ ಮೇಲೆ, ಶಾಟ್ ಹೊಡೆಯಲು ಇರುವ ಸಮಯ ತೋರಿಸುವ ಶಾಟ್ ಕ್ಲಾಕ್ 14 ಸೆಕೆಂಡಿಗೆ ಬರುವ ನಿಯಮ 2018-19ರಲ್ಲಿ, ರೆಫರಿಯ ತೀರ್ಪನ್ನು ಕೋಚ್ ಪ್ರಶ್ನಿಸುವ ಕೋಚ್ ಚಾಲೆಂಜ್ 2019-20ರಲ್ಲಿ ಎನ್‌ಬಿಎಗೆ ಬಂದವು. ಎರಡೂ ಜಿ ಲೀಗ್‌ನಲ್ಲಿ ಪಳಗಿದವು.

ಕೋಚ್ ಚಾಲೆಂಜ್ ಎಂದಾಗ ನೆನಪಾಯಿತು. ಅದು ಫೌಲ್, ಚೆಂಡು ಗೆರೆಯಾಚೆ ಹೋದದ್ದು, ಗೋಲ್‌ಟೆಂಡಿಂಗ್ (ಬುಟ್ಟಿಗೆ ಇಳಿಯುತ್ತಿರುವ ಚೆಂಡನ್ನು ಮುಟ್ಟುವುದು) ಇಂಥವಕ್ಕಿದೆ, ಟ್ರಾವೆಲಿಂಗ್‌ಗಿಲ್ಲ. ಅದನ್ನೂ ಸೇರಿಸಿ ಎಂದು ಬರೆಯುವ ಆಸೆಯಾಗುತ್ತದೆ. ಬರೆಯಿರಿ, ಆದರೆ ಬೇರೆ ಹಾಳೆಯಲ್ಲಿ. ಎರಡನ್ನೂ ಒಂದೇ ಕರಡಿಗೆ ಕಟ್ಟಿದರೆ, ಪಂದ್ಯ ಉದ್ದವಾಗುತ್ತದೆ ಎಂಬ ನೆಪದಲ್ಲಿ ಎರಡೂ ಕಸದ ಬುಟ್ಟಿ ಸೇರುತ್ತವೆ.